ಗುತ್ತೇದಾರನೂ ನಮ್ಮ ಮಾಳಿಗೆಯ ಇಳಿಜಾರೂ

ಬನಹಟ್ಟಿಯ ನಮ್ಮ ಮನೆಯ ಹಳೆಯ ಮಣ್ಣಿನ ಮಾಳಿಗೆ ತೆಗೆಸಿ ಸ್ಲ್ಯಾಬು ಹಾಕಿಸಬೇಕೆಂದು ಹಟ ಹಿಡಿದವಳು ನಾನೇ. ಮಳೆಗಾಲ ಬಂದರೆ ಮಾಳಿಗೆ ಮೇಲೆ ಹುಲ್ಲು ಹುಟ್ಟುತ್ತಿತ್ತು, ಜಂತಿಯ ಸಂದಿಯಿಂದ ಊಟದ ತಾಟಿಗೆ ಮಣ್ಣು ಉದುರುತ್ತಿತ್ತು. ನಾನು ಊರಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದೆ. ನನ್ನವರು ಜಮಖಂಡಿಯ ಕಚೇರಿಯೊಂದರಲ್ಲಿ ಕಾರಕೂನರು. ಮುಂಜಾನೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದರು. ಗುತ್ತೇದಾರನನ್ನು ಹುಡುಕಿ ತಂದವರು ಅವರು. ಬೇಸಿಗೆ ರಜೆಯೆಲ್ಲ ಅವನ ಕೆಲಸದ ಮುಂದೆ ನಿಂತವಳು ನಾನು.

ಮುಧೋಳ ಕಡೆಯ ಆ ಮನುಷ್ಯ ಫಟಫಟಿ ಮೇಲೆ ಬರುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಯಲ್ಲಿ ಎಲೆಅಡಿಕೆ. ಒಂದು ದಿನವೂ ದನಿ ಏರಿಸಿದವನಲ್ಲ. ನನ್ನ ಜೀವ ತಿಂದದ್ದೂ ಅದೇ. ಬೈಯೋಣವೆಂದರೆ ಬೈಯಿಸಿಕೊಳ್ಳುವ ಮುಖವೇ ಅಲ್ಲ ಅದು.

ಸ್ಲ್ಯಾಬಿನ ಮೇಲೆ ಸಿಮೆಂಟಿನ ಗಿಲಾವು ಹಾಕುವಾಗಲೇ ನನಗೆ ಅನುಮಾನ ಬಂದಿತ್ತು. ನೀರು ಹೋಗುವ ಪೈಪು ಬೀದಿಯ ಕಡೆ, ಇಳಿಜಾರು ಮಾತ್ರ ಹಿಂದಿನ ಅಡಿಗೆಮನೆಯ ಕಡೆ.

"ನೋಡ್ರಿ, ಇದು ಹಿಂದಕ ಇಳದಂಗ ಕಾಣತೈತಿ," ಎಂದೆ.

ಅವನು ನನ್ನ ಕಡೆ ನೋಡಿ ನಕ್ಕು, "ಸಾಹೇಬ್ರು ಎಷ್ಟಕ್ಕ ಬರ್ತಾರ್ರಿ ಅಕ್ಕೋರ?" ಎಂದ.

ಸಂಜೆ ಸಾಹೇಬರು ಬಂದರು. ಇಬ್ಬರೂ ಕಟ್ಟೆ ಮೇಲೆ ಕುಂತು ಚಹಾ ಕುಡಿದರು. ಮೇಲೆ ಹತ್ತದೆಯೇ ನನ್ನವರು, "ಎಲ್ಲಾ ಬರೋಬ್ಬರಿ ಐತಂತ, ನೀ ಸುಮ್ನ ತಲಿ ಕೆಡಿಸ್ಕೋಬ್ಯಾಡ," ಎಂದು ಒಳಗೆ ಬಂದು ಕೈಕಾಲು ತೊಳೆದುಕೊಂಡರು.

ಮಿರಗದ, ಅಂದರೆ ಮೃಗಶಿರೆಯ, ಮೊದಲ ಮಳೆ ರಪರಪ ಹೊಡೆಯಿತು. ನಿಂತ ಮೇಲೆ ಸೀರೆ ಎತ್ತಿ ಕಟ್ಟಿ ನಿಚ್ಚಣಿಕೆ ಹತ್ತಿ ನೋಡಿದರೆ ಅಡಿಗೆಮನೆಯ ಮೇಲೆ ಹಿಮ್ಮಡ ಮುಳುಗುವಷ್ಟು ನೀರು. ಬೀದಿ ಕಡೆಯ ಪೈಪಿನಿಂದ ಒಂದು ಬೊಗಸೆಯೂ ಬಿದ್ದಂತಿರಲಿಲ್ಲ. ಕೆಳಗೆ ಗೋಡೆ ತೊಯ್ದು, ಅದಕ್ಕೆ ತಾಗಿಸಿಟ್ಟಿದ್ದ ಜೋಳದ ಹಿಟ್ಟಿನ ಡಬ್ಬಿಯೊಳಗೂ ನೀರು ಇಳಿದಿತ್ತು.

ಹೇಳಿಕಳಿಸಿದರೆ ಗುತ್ತೇದಾರ ಬಂದ. ಬರಲಿಲ್ಲ ಅಂತ ಅವನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ, ಕರೆದಾಗಲೆಲ್ಲ ಬಂದ.

"ಹೊಸಾ ಗಡಗಿ ಮೊದಲ ನೀರ ಕುಡೀತೈತಿಲ್ರೀ ಅಕ್ಕೋರ? ಸ್ಲ್ಯಾಬೂ ಹಂಗ. ಕುಡದು ಗಟ್ಟಿ ಆಗತೈತಿ."

"ಗಡಗಿ ತೂತ ಇದ್ರ?"

ಅವನು ಆಳನ್ನು ಕರೆದ. ಸಿಮೆಂಟು ಕಲಸಿ ತಿಳಿ ಮಾಡಿ ಮೇಲೆಲ್ಲ ಹೊಯ್ಯಿಸಿ ಹೋದ. ಮುಂದಿನ ಮಳೆಗೆ ಮತ್ತೆ ಅದೇ ಕೆರೆ. ಈ ಸಲ, "ಇದು ಸೋರೂದಲ್ರಿ, ಸ್ಲ್ಯಾಬು ಬೆವರಾಕತ್ತೈತಿ," ಎಂದ. ನಾನು ನನ್ನವರ ಮುಖ ನೋಡಿದೆ. ಅವರು, "ಇರಬೇಕು, ಧಗಿ ಭಾಳ ಐತಿ," ಎಂದರು! ಹಿಟ್ಟಿನ ಡಬ್ಬಿ ಎತ್ತಿ ಇಬ್ಬರ ನಡುವೆ ಒಗೆಯಬೇಕು ಅನ್ನಿಸಿತು. ಒಗೆಯಲಿಲ್ಲ. ಹಿಟ್ಟು ಮೊದಲೇ ಕೆಟ್ಟಿತ್ತು, ಡಬ್ಬಿಯಾದರೂ ಉಳಿಯಲಿ.

ಸಾಲೆ ಸುರುವಾದ ಮೇಲೆ, ನಾನಿಲ್ಲದ ಹೊತ್ತಿನಲ್ಲಿ ಅವನು ಇನ್ನೊಂದು ಉಪಾಯ ಮಾಡಿದ. ಇಳಿಜಾರು ತಿದ್ದುವ ಬದಲು ಮಾಳಿಗೆಯ ಹಿಂದಿನ ಮೋಟುಗೋಡೆಗೇ ತೂತು ಹಾಕಿಸಿ ಅಲ್ಲೊಂದು ಪೈಪು ಕೂಡಿಸಿದ. ಗೋಡೆಯ ಆಚೆ ನೇಕಾರರ ಹಿತ್ತಲು. ಆ ಮನೆಯವರು ಬಣ್ಣ ಹಾಕಿದ ನೂಲನ್ನು ಅಲ್ಲೇ ಬಿದಿರಿನ ಗಳಕ್ಕೆ ಹಾಕಿ ಒಣಗಿಸುತ್ತಿದ್ದರು. ಮಳೆ ಬಂದರೆ ನೂಲೆಲ್ಲ ಸರಿಸಿ ಪಡಸಾಲೆಗೆ ಒಯ್ಯುತ್ತಿದ್ದರು. ಆದರೆ ಮಳೆ ನಿಂತು ಬಿಸಿಲು ಬಿದ್ದು, ಮತ್ತೆ ನೂಲು ಹರವಿದ ಮೇಲೂ ನಮ್ಮ ಮಾಳಿಗೆಯ ಕೆರೆ ಸಾವಕಾಶ ಖಾಲಿಯಾಗುತ್ತಲೇ ಇರುತ್ತದೆಂದು ಅವರಿಗೇನು ಗೊತ್ತು?

ನಾನು ಸಾಲೆಯಿಂದ ಬರುವಷ್ಟರಲ್ಲಿ ಆ ಮನೆಯಾಕೆ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಕೆಂಪು ನೂಲು, ಅದರ ತುಂಬ ಸಿಮೆಂಟಿನ ಬೂದು ಕಲೆ.

"ಇದನ್ನ ಯಾವ ಸೀರಿಗೆ ಹಾಕ್ಲಿ, ಹೇಳ್ರಿ ಅಕ್ಕೋರ? ನಿಮ್ಮ ಸೀರಿಗೆ ಹಾಕ್ಲ್ಯಾ?"

ಅವಳ ಸಿಟ್ಟಿನಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಸಾಲೆಯ ಚೀಲ ಒಳಗಿಟ್ಟು ಬಂದೆ. ಆಮೇಲೆ, "ಚಪ್ಪಲ್ ಮೆಟಗೋ ತಂಗಿ, ರಬಕವಿಗೆ ಹೋಗೂಣು," ಎಂದೆ. ಪಕ್ಕದ ರಬಕವಿಯಲ್ಲಿ ಗುತ್ತೇದಾರ ಇನ್ನೊಬ್ಬರ ಮನೆ ಕಟ್ಟುತ್ತಿದ್ದ.

ನಾವು ಹೋದಾಗ ಮಾಳಿಗೆಯ ಮೇಲೆ ಗಿಲಾವಿನ ಕೆಲಸ ನಡೆದಿತ್ತು. ಗುತ್ತೇದಾರ ನೆರಳಲ್ಲಿ ಕುರ್ಚಿ ಹಾಕಿಕೊಂಡಿದ್ದ. ಆ ಮನೆಯ ಒಡತಿ, ನನ್ನಷ್ಟೇ ವಯಸ್ಸಿನವಳು, ಆಳುಗಳಿಗೆ ಚಹಾ ಸುರಿಯುತ್ತಿದ್ದಳು. ನಾನು ಅವನನ್ನು ಮಾತಾಡಿಸಲಿಲ್ಲ. ಸೀದಾ ಅವಳ ಹತ್ತಿರ ಹೋಗಿ, "ಅವ್ವಾರ, ನಿಮ್ಮ ಮಾಳಿಗಿ ನೀರು ಯಾ ಕಡೆ ಹೋಗತೈತಿ, ಕೇಳೀರೇನು?" ಎಂದೆ. ನಮ್ಮ ನೇಕಾರ್ತಿ ನೂಲನ್ನು ಅವಳ ಮುಂದೆ ಹಿಡಿದಳು.

ಒಡತಿ ಚಹಾದ ಕಿಟ್ಲಿ ಕೆಳಗಿಟ್ಟಳು. ನಾನು ಎಲ್ಲ ಹೇಳಿದೆ. ಗಡಿಗೆ, ಬೆವರು, ಹಿಟ್ಟು, ಒಂದೂ ಬಿಡಲಿಲ್ಲ.

ಗುತ್ತೇದಾರ ಎದ್ದು ಬಂದ. "ಅಕ್ಕೋರ, ಇದನ್ನ ಸಾಹೇಬ್ರ ಜೋಡಿ ಕುಂತು..."

"ಸಾಹೇಬ್ರು ಜಮಖಂಡ್ಯಾಗ ಅದಾರ. ಸೋರಾಕತ್ತಿದ್ದು ಬನಹಟ್ಟ್ಯಾಗ."

ಒಡತಿ ಅವನಿಗೆ, "ಕೆಲಸ ನಿಂದ್ರಸ್ರಿ. ನಾ ಮ್ಯಾಲ ಹತ್ತಿ ನೋಡ್ತೀನಿ," ಎಂದು, ಬಿಂದಿಗೆಯಲ್ಲಿ ನೀರು ತುಂಬಿಸಿಕೊಂಡು ಮೆಟ್ಟಿಲು ಹತ್ತಿದಳು. ಅವನ ಮುಖ ಬಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನವೇ ನಮ್ಮ ಮನೆಗೆ ಅವನ ಗವಂಡಿಗಳು ಬಂದರು. ಹಳೆಯ ಗಿಲಾವು ಕಡಿದು, ಹಿಂದಿನ ತೂತು ಮುಚ್ಚಿ, ಇಟ್ಟಂಗಿ ಚೂರು ಹಾಸಿ ಬೀದಿಯ ಕಡೆಗೆ ಹೊಸ ಇಳಿಜಾರು ಮಾಡಿದರು. ನಾನು ರಜೆ ಹಾಕಿ ಮೇಲೆಯೇ ಕೂತೆ. ಕೊಡಗಟ್ಟಲೆ ನೀರು ಸುರಿಸಿ ನೋಡಿದೆ. ನೇಕಾರ್ತಿಗೆ ಹೊಸ ನೂಲು ತಂದುಕೊಡುವಂತೆಯೂ ಅವನಿಗೇ ಹೇಳಿದೆ. ತಂದುಕೊಟ್ಟ, ಬಣ್ಣ ಸರಿಹೊಂದಲಿಲ್ಲವೆಂದು ಆಕೆ ಇನ್ನೊಮ್ಮೆ ಓಡಾಡಿಸಿದಳು.

ಕೆಲಸ ಮುಗಿದ ಸಂಜೆ ಅವನು ಕಟ್ಟೆ ಮೇಲೆ ನನ್ನವರ ಪಕ್ಕ ಕುಂತು, "ಸಾಹೇಬ್ರ, ನಿಮ್ಮ ಮಾತಿಗಂತ ಮಾಡಿ ಕೊಟ್ಟೆ ನೋಡ್ರಿ," ಎಂದ. ನನ್ನವರು, "ಹೌದ್ಹೌದು, ಛಲೋ ಆತು," ಎಂದು ತಲೆಯಾಡಿಸಿದರು. ನಾನು ಒಳಗೆ ಚಹಾಕ್ಕೆ ಇಟ್ಟಿದ್ದ ನೀರನ್ನು ಇಳಿಸಿ ಒಲೆ ಆರಿಸಿದೆ.

ಮುಂದಿನ ಮಳೆಗೆ ನೀರು ಬೀದಿಗೇ ಹರಿಯಿತು. ಅಡಿಗೆಮನೆಯ ಮೂಲೆಯ ಕಲೆ ಮಾತ್ರ ಹೋಗಲಿಲ್ಲ. ಪ್ರತಿ ದೀಪಾವಳಿಗೆ ಸುಣ್ಣ ಹಚ್ಚುತ್ತಿದ್ದೆವು, ಸಂಕ್ರಾಂತಿಯ ಹೊತ್ತಿಗೆ ಅದು ಮತ್ತೆ ಹಳದಿಯಾಗಿ ಮೂಡುತ್ತಿತ್ತು. ನನ್ನವರು ಅದನ್ನು ಕೊನೆಯವರೆಗೂ ಬೆವರು ಎಂದೇ ಕರೆದರು.