ಪೂಜೆಗೆ ಮುಂಚಿನ ಮಾತ್ರೆ

ನಮ್ಮ ಪಕ್ಕದ ಮನೆಯ ಅಜ್ಜಿ ಇಷ್ಟಲಿಂಗದ ಪೂಜೆ ಆಗುವ ತನಕ ಕಾಫಿಯನ್ನೂ ಕುಡಿಯುತ್ತಿರಲಿಲ್ಲ. ಆದರೆ ಸಂಧಿವಾತದಿಂದ ಊದಿದ ಮಂಡಿ ಮಡಚಬೇಕಲ್ಲ! ಅದಕ್ಕೆ ತಿಪಟೂರಿನ ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆಯನ್ನು ಮೊದಲು ನುಂಗಿ, ಕೊಬ್ಬರಿ ಅಟ್ಟದ ಕಂಬಕ್ಕೆ ಒರಗಿ ಕಾಲು ನೀವಿಕೊಂಡು, ನೋವು ಇಳಿದ ಮೇಲೆ ಚಕ್ಕಳಮಕ್ಕಳ ಹಾಕಿ ಪೂಜೆಗೆ ಕೂರುತ್ತಿದ್ದರು.

"ಬರೀ ಹೊಟ್ಟೇಲಿ ಬೇಡ ಅಜ್ಜಿ" ಎಂದರೆ, "ಮಾತ್ರೆ ಏನು ಉಣ್ಣೋದಾ, ಬುಡಪ್ಪ" ಎನ್ನುವರು.

ಒಂದು ದಿನ ಪೂಜೆಯಿಂದ ಏಳುವಾಗ ರಕ್ತ ವಾಂತಿಯಾಯಿತು. ನಾನೇ ಆಸ್ಪತ್ರೆಗೆ ಕರೆದೊಯ್ದೆ.

"ಊಟ ಆದ್ಮೇಲೆ ತಗೊಳ್ಳಿ ಅಂದಿದ್ನಲ್ಲಮ್ಮ?" ಎಂದರು ಡಾಕ್ಟರು.

"ಊಟ ಆದ್ಮೇಲೇ ಕಣ್ರೀ. ರಾತ್ರಿ ಉಂಡಿರ್ತಿದ್ನಲ್ಲ!"

ಹೊಟ್ಟೆಯಲ್ಲಿ ಹುಣ್ಣಾಗಿದೆಯೆಂದು ಡಾಕ್ಟರು ಆ ಮಾತ್ರೆಯನ್ನೇ ನಿಲ್ಲಿಸಿದರು.

ಹುಷಾರಾಗಿ ಮನೆಗೆ ಬಂದ ಅಜ್ಜಿಗೆ ನೆಲದ ಮೇಲೆ ಕೂರಲಾಗಲಿಲ್ಲ. ನಾನು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದೆ. ಅಳುಕುತ್ತಲೇ ಕೂತು, ಎಡ ಅಂಗೈಯಲ್ಲಿದ್ದ ಲಿಂಗವನ್ನು ಬಹಳ ಹೊತ್ತು ನೋಡಿದರು.

"ನೀನು ನನ್ನ ಅಂಗೈಲೇ ಇದ್ದೆಯಲ್ಲ ನನ್ನಪ್ಪ. ನೆಲದ ಮೇಲೇ ಕೂತ್ಕೋ ಅಂತ ನಂಗ್ಯಾರು ಹೇಳಿದ್ರು?"