ಕಮಲಕ್ಕನ ತಣಿದ ಗಂಜಿ

ಮೊನ್ನೆ ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿ ಕೂತಾಗ ಪಕ್ಕದ ಹೆಂಗಸಿನ ಚೀಲದಿಂದ ಒದ್ದೆ ಬೀಡಿ ಎಲೆಯ ವಾಸನೆ ಬಂತು. ಎಲೆ, ಹೊಗೆಸೊಪ್ಪು, ಅದರ ಅಡಿಯಲ್ಲೆಲ್ಲೋ ಒಂದಿಷ್ಟು ತೆಂಗಿನೆಣ್ಣೆ. ನಿಮಗೂ ಅಂಥದೊಂದು ವಾಸನೆ ಇದ್ದೀತು, ಮೂಗಿಗೆ ತಾಗಿದ ಕೂಡಲೇ ಈಗ ಇಲ್ಲದ ಮನೆಯೊಂದರ ಒಳಗೆ ಎಳೆದುಕೊಂಡು ಹೋಗುವಂಥದ್ದು. ನನ್ನನ್ನು ಎಳೆದದ್ದು ದೊಡ್ಡಮ್ಮನ ಜಗಲಿಗೆ. ಸಂಜೆ ನಾಲ್ಕು ಗಂಟೆಗೆ ನೆರೆಕರೆಯ ಹೆಂಗಸರು ಅಲ್ಲಿ ಸಾಲಾಗಿ ಕೂತು, ಮಡಿಲ ಮೇಲಿನ ತಡ್ಪೆಯೆಂಬ ಮೊರದಲ್ಲಿ ಹೊಗೆಸೊಪ್ಪಿನ ಪುಡಿ ಹರವಿಕೊಂಡು ಬೀಡಿ ಕಟ್ಟುತ್ತಿದ್ದರು. ಬೆರಳು ತಾನಾಗಿ ಓಡುತ್ತಿತ್ತು, ಬಾಯಿ ಖಾಲಿ. ಆ ಖಾಲಿ ಬಾಯಿಗಳನ್ನು ನಗಿಸುವ ಕೆಲಸ ನನ್ನದು.

ಆಗ ನನಗೆ ಹದಿನೈದು. ಅಪ್ಪ ಬೇರೆ ಸಂಸಾರ ಹೂಡಿದ ಮೇಲೆ ಅಮ್ಮ ಕುವೈತಿನಲ್ಲಿ ಯಾರದೋ ಮಕ್ಕಳನ್ನು ನೋಡಿಕೊಳ್ಳಲು ಹೋದರು. ನಾನು ಒಂದು ಬ್ಯಾಗು, ಒಂದು ಬಟನ್ ಫೋನು ಹಿಡಿದುಕೊಂಡು ದೊಡ್ಡಮ್ಮನ ಮನೆಗೆ ಬಂದೆ. ನನ್ನ ಹತ್ತಿರ ಮಾತಾಡುವವರು ಯಾರೂ ಇರಲಿಲ್ಲ, ಹಾಗಾಗಿ ಎಲ್ಲರ ಹಾಗೆ ಮಾತಾಡಲು ಕಲಿತೆ. ಬಸ್ಸಿನ ಕಂಡಕ್ಟರನ ಮೂಗಿನ ಸ್ವರ, ಹೆಡ್‌ಮಾಸ್ಟರರ ಕೆಮ್ಮು, ಆಗಷ್ಟೇ ಒಡೆದ ನನ್ನ ಗಂಟಲಿನ ಕೀರಲು, ಯಾವುದನ್ನೂ ಬಿಟ್ಟವನಲ್ಲ. ಕಟ್ಟಿದ ಬೀಡಿ ಕೊಂಡುಕೊಳ್ಳುವ ಬ್ರಾಂಚಿನ ಚೆಕ್ಕರ್ ಸಡಿಲ ಬೀಡಿಗಳನ್ನು ಮುರಿದು ಬಿಸಾಡುವ ಹಾಗೆ ನಾನು ಮನುಷ್ಯರನ್ನು ಆರಿಸಿ ಬಿಸಾಡುತ್ತಿದ್ದೆ. ಮೊದಲು ಬಿಸಾಡಿದ್ದು ಪಕ್ಕದ ಮನೆಯ ಕಮಲಕ್ಕನನ್ನು. ಊರವರ ಸುದ್ದಿಯೆಲ್ಲ ಬೇಕು ಆ ಹೆಂಗಸಿಗೆ. ನೂಲು ಹಲ್ಲಲ್ಲಿ ಕಚ್ಚಿಕೊಂಡೇ "ಹೌದಾ? ಮತ್ತೆ?" ಎಂದು ಎಳೆಯುವ ಅವರ ದನಿಯನ್ನು ಅವರೆದುರೇ ಮಾಡಿ ತೋರಿಸುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ. ನಾಚಿಕೆಯಿಲ್ಲದವರು ಎಂದು ಅದಕ್ಕೂ ತೀರ್ಪು ಕೊಟ್ಟಿದ್ದೆ.

ಆದಿತ್ಯವಾರದ ಐಟಂ ಮಾತ್ರ ಬೇರೆ, ಅಮ್ಮನ ಫೋನು. "ಮಗಾ, ಇಲ್ಲಿ ಏಸಿ ಉಂಟು, ಚಳಿಗೆ ನಿದ್ರೆಯೇ ಇಲ್ಲ" ಎಂದು ಅಮ್ಮನ ಸ್ವರದಲ್ಲೇ ಒಪ್ಪಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಅಮ್ಮನ ಫೋನು ಬರುತ್ತಿದ್ದದ್ದು ಎರಡು ಮೂರು ತಿಂಗಳಿಗೊಮ್ಮೆ. ಉಳಿದ ವಾರಗಳ ಅಮ್ಮನನ್ನು ನಾನೇ ತಯಾರಿಸುತ್ತಿದ್ದೆ.

ಒಂದು ಆದಿತ್ಯವಾರ ಎಂದಿನಂತೆ, ನಿನ್ನೆ ಸಂಜೆ ಅಮ್ಮ ಫೋನು ಮಾಡಿದ್ದರು ಎಂದು ಶುರು ಮಾಡಿದೆ. ನಡುವೆ ದೊಡ್ಡಮ್ಮ, ಏನೂ ಮನಸ್ಸಿನಲ್ಲಿಲ್ಲದೆ, ಕೇಳಿದರು. "ಫೋನು ನಿನ್ನೆ ಮಧ್ಯಾಹ್ನದಿಂದ ಕಮಲಕ್ಕನಲ್ಲಿ ಅಲ್ವಾ ಇದ್ದದ್ದು?"

ಹೌದು. ಪುತ್ತಿಗೆಯಲ್ಲಿ ಕಮಲಕ್ಕನ ಮಗಳ ಹೆರಿಗೆ, ಸುದ್ದಿ ಬರಬೇಕೆಂದು ಅವರು ಒಯ್ದಿದ್ದರು. ಕೊಟ್ಟವನೇ ನಾನು. ಅಮ್ಮನನ್ನು ತಯಾರಿಸಿ ಎಷ್ಟು ರೂಢಿಯಾಗಿತ್ತೆಂದರೆ ಅದಕ್ಕೊಂದು ಫೋನು ಬೇಕೆಂಬುದೇ ಮರೆತುಹೋಗಿತ್ತು. ಜಗಲಿಯ ಕೈಗಳೆಲ್ಲ ನಿಂತವು. ಅಮ್ಮನಿಗೆ ಬೇಡವಾದ ಹುಡುಗ ಎಂದು ಇನ್ನು ಊರಿಗೆಲ್ಲ ಗೊತ್ತಾಗುತ್ತದೆ, ಅದೂ ಕಮಲಕ್ಕನ ಬಾಯಿಂದಲೇ, ಎಂದು ನನ್ನ ಕಿವಿ ಬಿಸಿಯಾಯಿತು.

ಕಮಲಕ್ಕ ತಲೆ ಎತ್ತಲಿಲ್ಲ. "ನನ್ನಲ್ಲಿಗೇ ಬಂದದ್ದು ಫೋನು. ನಾನೇ ಇವನನ್ನು ಕರೆದು ಕೊಟ್ಟದ್ದು. ಅಮ್ಮ ಮಗ ಎಂಥ ಮಾತಾಡ್ತಾರೆ ಮಾರಾಯ್ತಿ, ಕಾದು ಕಾದು ನನ್ನ ಗಂಜಿ ತಣಿದುಹೋಯ್ತು."

ಬಾರದ ಫೋನಿಗೆ ಕಾದು ತಣಿದ ಆ ಗಂಜಿಯನ್ನು ನೋಡಿ! ಇಷ್ಟು ವರ್ಷ ನಕಲು ಮಾಡಿಯೂ ಅಂಥದೊಂದು ಗಂಜಿ ನನಗೆ ಹೊಳೆದದ್ದಿಲ್ಲ. ಹೆಂಗಸರು ನಕ್ಕರು, ಬೆರಳುಗಳು ಮತ್ತೆ ಓಡಿದವು. ಮಾರನೆಯ ದಿನ ಫೋನು ಹಿಂದೆ ಕೊಡುವಾಗ ಅವರು ಆ ವಿಷಯ ಎತ್ತಲೇ ಇಲ್ಲ. "ಫುಲ್ ಚಾರ್ಜ್ ಮಾಡಿದ್ದೇನೆ ಮಗಾ. ಅಮ್ಮ ಯಾವಾಗ ಮಾಡಿದರೂ ಸಿಗ್ತದೆ" ಎಂದರು, ಅಷ್ಟೆ.

ರಸ್ತೆ ಅಗಲವಾದಾಗ ಜಗಲಿ ಹೋಯಿತು, ಮತ್ತೆ ಮನೆಯೂ. ದೊಡ್ಡಮ್ಮ ಮೂಡುಬಿದಿರೆಯ ಮಗಳ ಮನೆ ಸೇರಿದರು. ಕಮಲಕ್ಕ ಹೋದ ವರ್ಷ ತೀರಿಕೊಂಡರು. ಮದುವೆಮನೆಗಳಲ್ಲಿ ಈಗಲೂ ಯಾರಾದರೂ ಕಮಲಕ್ಕನನ್ನು ಮಾಡು ಎನ್ನುತ್ತಾರೆ, "ಹೌದಾ? ಮತ್ತೆ?" ಎಂದರೆ ಸಾಕು, ಜನ ಬಿದ್ದು ಬಿದ್ದು ನಗುತ್ತಾರೆ. ಆ ಗಂಜಿಯ ಮಾತನ್ನು ಮಾತ್ರ ಯಾರಿಗೂ ಮಾಡಿ ತೋರಿಸಿದವನಲ್ಲ. ಮೊನ್ನೆ ಬಸ್ಸಿನಲ್ಲಿ, ಬೀಡಿ ಎಲೆಯ ಚೀಲದ ಆ ಹೆಂಗಸು ಕಲ್ಲಡ್ಕದಲ್ಲಿ ಇಳಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿ ನೋಡಿದೆ. ಪದಗಳೆಲ್ಲ ಸರಿಯಾಗಿ ಬಂದವು. ಸ್ವರ ಮಾತ್ರ ನನ್ನದೇ ಇತ್ತು.