ಅಣ್ಣನನ್ನು ಕರೆಯಲು ಮಳಗಿಗೆ

ಹಳಿಯಾಳದ ಬಸ್ಸು ಅಂಬೇವಾಡಿಗೆ ಬಂದಾಗ ಮಂಜು ಇನ್ನೂ ಹರಿದಿರಲಿಲ್ಲ. ಸೀಟುಗಳಲ್ಲೆಲ್ಲ ಹೆಣ್ಣುಮಕ್ಕಳು ಕೂತಿದ್ದರು. ನಾನು ಟಿಕೆಟ್ ತೆಗೆಸಿ ಬಾಗಿಲ ಕಂಬಿ ಹಿಡಿದು ನಿಂತೆ. "ಒಳಗ ಸರೀರಿ. ಇಲ್ಲೇ ಇಳಿಯೂ ವಿಚಾರ ಐತೇನು?" ಎಂದ ಕಂಡಕ್ಟರ್. ಆ ವಿಚಾರ ನಿಜಕ್ಕೂ ಇತ್ತು.

ನಮ್ಮ ಕಬಡ್ಡಿ ಸಂಘದ ಸಮಾರಂಭಕ್ಕೆ ಅಣ್ಣ ಬಸವರಾಜನನ್ನು ಕರೆತರಲು ಹೊರಟಿದ್ದೆ. ಒಂದು ಕಾಲದಲ್ಲಿ ಅವನು ಸಂಘದ ಕ್ಯಾಪ್ಟನ್. ಈಗ ಮಳಗಿಯಲ್ಲಿ, ಹೆಂಡತಿಯ ತವರೂರಿನಲ್ಲಿ, ಹಿಟ್ಟಿನ ಗಿರಣಿ ಹಾಕಿಕೊಂಡಿದ್ದಾನೆ. ಸಂಘದ ಹೊಸ ಕೋಣೆಯ ಗೋಡೆಗೆ ಹಳೆಯ ಕ್ಯಾಪ್ಟನ್‌ಗಳ ಹೆಸರು ಬರೆಸಲು ಹೊರಟಾಗ ಅವನ ಹೆಸರಿಗೆ ತಕರಾರು ಬಂತು. ಕಾರ್ಯದರ್ಶಿ ಪರಶುರಾಮಣ್ಣ ನನ್ನನ್ನು ಕರೆದು, "ಅಂವ ಬಂದು ಎಲ್ಲಾರ ಮುಂದ ತಪ್ಪಾತು ಅಂದ್ರ ಬರಸೂಣು. ಇಲ್ಲಾಂದ್ರ ಬಿಡೂಣು. ನೀ ತಮ್ಮ, ನೀನ ಹೋಗು" ಎಂದ. ನಾನು ಹೂಂ ಎಂದೆ. ತಪ್ಪು ಯಾರದೆಂದು ಗೊತ್ತಿದ್ದೂ ಹೂಂ ಎಂದೆ.

ಸಂಘದ ಹುಟ್ಟು ನಾನು ಕಂಡದ್ದಲ್ಲ, ಹಿರಿಯರಿಂದ ಕೇಳಿದ್ದು. ಮಿಲ್ಲಿನ ಕೆಲಸಕ್ಕೆಂದು ಧಾರವಾಡ, ಬೆಳಗಾವಿ ಕಡೆಯಿಂದ ಬಂದವರು ಪಾಳಿ ಮುಗಿಸಿ ಬಯಲಿನಲ್ಲಿ ಒಲೆಯ ಬೂದಿಯಿಂದ ಗೆರೆ ಎಳೆದು ಆಡುತ್ತಿದ್ದರು. ಅಂಪೈರ್ ಆಗಿ ನಿಲ್ಲಲು ಯಾರಿಗೂ ಪುರುಸೊತ್ತಿರಲಿಲ್ಲ. ಹಾಗಾಗಿ ಒಂದು ಕಟ್ಟಳೆ ಮಾಡಿಕೊಂಡರು. ಎದುರಾಳಿ ಮುಟ್ಟಿದರೆ ಮುಟ್ಟಿಸಿಕೊಂಡವನೇ ಕೈ ಎತ್ತಿ ಹೊರಗೆ ಹೋಗಬೇಕು. ಅವನ ಪರವಾಗಿ ಇನ್ನೊಬ್ಬ ಎತ್ತುವಂತಿಲ್ಲ. ಊರೂರಿಗೆ ಆಡಲು ಹೋದಾಗಲೂ ಅದನ್ನು ಬಿಡಲಿಲ್ಲ. ಜೊಯಿಡಾದಲ್ಲಿ ಒಮ್ಮೆ ಗೆಲ್ಲುವ ಆಟವನ್ನು ಹೀಗೆ ಕೈ ಎತ್ತಿ ಸೋತರಂತೆ. ಅಷ್ಟರಲ್ಲಿ ಬಸ್ಸೂ ಹೋಗಿಬಿಟ್ಟಿತ್ತು. ಗೆದ್ದವರೇ ಊಟ ಹಾಕಿ, ಜೀಪು ಮಾಡಿ ಕಳಿಸಿಕೊಟ್ಟರಂತೆ. ಅಂಬೇವಾಡಿಯವನು ಕೈ ಎತ್ತಲಿಲ್ಲ ಅಂದರೆ ಮುಟ್ಟಿಲ್ಲ ಎಂಬ ಮಾತು ಅಲ್ಲಿಂದ ಬಂತು. ಗೆದ್ದ ಢಾಲುಗಳಿಗಿಂತ ನಮಗೆ ಆ ಮಾತೇ ದೊಡ್ಡದು.

ಹಳಿಯಾಳದಲ್ಲಿ ಬಸ್ಸು ಬದಲಿಸಬೇಕು. ಚಳಿ ಹೋಗಿ ಬಿಸಿಲು ಚುರುಗುಟ್ಟುತ್ತಿತ್ತು. ಚಹಾ ಕುಡಿಯಲು ಹೋದರೆ ಅಂಗಡಿಯಲ್ಲಿ ಕೂತವನು ಮಾರುತಿ, ಹಳಿಯಾಳ ತಂಡದ ಹಳೆಯ ರೈಡರ್. ಗುರುತು ಹಿಡಿದು ನಕ್ಕ.

"ಏನಪಾ ಶಿವೂ, ಹಿಮ್ಮಡಿ ಹೆಂಗೈತಿ?"

ಚಹಾ ನನ್ನ ಅಂಗಿಯ ಮೇಲೆ ಚೆಲ್ಲಿತು.

"ಹೆದರಬ್ಯಾಡೋ. ಗೆದ್ದಾವ ಹೇಳಿದ್ರ ಯಾರ ನಂಬತಾರ? ಮಿರ್ಚಿ ತಿಂತಿಯೇನು, ಬಿಸಿ ಅದಾವು."

ಬೇಡವೆಂದು ಚಹಾದ ದುಡ್ಡು ಕೊಟ್ಟು ಎದ್ದೆ. ಅಣ್ಣನ ಹೆಸರಿಗೆ ತಕರಾರು ತಂದ ಫೈನಲ್ ನಡೆದದ್ದು ಇದೇ ಊರಲ್ಲಿ. ಕೊನೆಯ ರೈಡಿಗೆ ಬಂದವನು ಇದೇ ಮಾರುತಿ. ಅಣ್ಣನೂ ನಾನೂ ಕೈ ಕೈ ಹಿಡಿದು ಮೂಲೆಯಲ್ಲಿ ನಿಂತಿದ್ದೆವು. ಮಾರುತಿಯ ಕಾಲ್ಬೆರಳು ನನ್ನ ಹಿಮ್ಮಡಿಗೆ ತಾಗಿತು. ಅಂಪೈರ್ ನೋಡಲಿಲ್ಲ. ನಾನು ಕೈ ಎತ್ತಲಿಲ್ಲ. ಅಣ್ಣ ನನ್ನ ಮುಖ ನೋಡುತ್ತ ಸ್ವಲ್ಪ ಹೊತ್ತು ಕಾದ. ಆಮೇಲೆ ತಾನೇ ಅಂಪೈರ್ ಬಳಿ ಹೋಗಿ, "ನಮ್ಮ ತಮ್ಮಗ ಮುಟ್ಟೇತ್ರಿ" ಎಂದ. ಒಂದು ಅಂಕದಿಂದ ಸೋತೆವು. ವಾಪಸು ಬರುವಾಗ ಟೆಂಪೋದಲ್ಲಿ ಎಲ್ಲರೂ ನನ್ನನ್ನು ಕೇಳಿದರು. ಮುಟ್ಟಿದ್ದರೂ ಕೈ ಎತ್ತದವನು ಎಂದು ಸಂಘದಲ್ಲಿ ಅಲ್ಲಿಯವರೆಗೆ ಯಾರೂ ಅನ್ನಿಸಿಕೊಂಡಿರಲಿಲ್ಲ. ಮೊದಲನೆಯವನಾಗಲು ಹೆದರಿ ಮುಟ್ಟಿಲ್ಲ ಎಂದೆ. ಅಷ್ಟೇ ಸಾಕಾಯಿತು. ಬಸವರಾಜ ಆಟ ಮಾರಿಕೊಂಡ ಎಂದರು. ಅಣ್ಣ ಬಾಯಿ ಬಿಡಲಿಲ್ಲ. ಆ ವರ್ಷವೇ ಊರು ಬಿಟ್ಟ.

ಕಲಘಟಗಿ ಮೇಲೆ ಹಾಯ್ದು ಮುಂಡಗೋಡ ಮುಟ್ಟಿದಾಗ ಮಧ್ಯಾಹ್ನ. ನಿಲ್ದಾಣದ ಬೆಂಚಿನ ಮೇಲೆ ಒಬ್ಬ ಟಿಬೆಟನ್ ಭಿಕ್ಷು ಕಿತ್ತಳೆ ಸುಲಿದು ತಿನ್ನುತ್ತಿದ್ದ. ಮಳಗಿಯ ಬಸ್ಸು ಬಂತು, ನಿಂತಿತು, ಹೋಯಿತು. ನಾನು ಏಳಲಿಲ್ಲ. "ನಿಮ್ಮ ಬಸ್ ಹೋಯ್ತಲ್ರಿ. ಆಗ ಕೇಳಿದ್ರಿ ನೀವು" ಎಂದ ಭಿಕ್ಷು. ಇನ್ನೊಂದು ಬರುತ್ತದೆ ಎಂದೆ. ಅವನು ಎರಡು ತೊಳೆ ನನ್ನ ಕೈಗೆ ಕೊಟ್ಟ. ಅಣ್ಣ ಊರಲ್ಲಿ ಇಲ್ಲದಿರಲಿ ಎಂದು ದೇವರನ್ನು ಬೇಡುತ್ತ ಮುಂದಿನ ಬಸ್ಸು ಹತ್ತಿದೆ.

ಅಣ್ಣ ಇದ್ದ. ಹುಬ್ಬಿನ ಮೇಲೆ ಹಿಟ್ಟು ಕೂತಿತ್ತು. ವೈನಿ, ಅಣ್ಣನ ಹೆಂಡತಿ, ನೀರು ತಂದುಕೊಡುತ್ತ, "ಹಾದಿ ತಪ್ಪಿತೇನು ಶಿವೂ, ಈ ಕಡೆ?" ಎಂದಳು. "ಮೊದಲ ಉಣ್ಣಾಕ ಹಾಕು ಅವಂಗ, ಮಾರಿ ಬಾಡೇತಿ" ಎಂದ ಅಣ್ಣ. ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡ ಮೇಲೆ ಬಂದ ಕಾರಣ ಹೇಳಿದೆ.

"ನಾ ತಪ್ಪಾತು ಅನ್ನಬೇಕಂತ?"

"ಹೂಂ."

"ನಾ ಅಂದ್ರ ನಿನಗ ಹಗುರ ಆಗತೈತೇನು?"

ಉಂಡ ತಾಟು ಬದಿಗೆ ಸರಿಸಿದೆ. "ಅಣ್ಣಾ, ಅವತ್ತ ಮುಟ್ಟಿತ್ತು" ಎಂದೆ.

"ನನಗ್ಯಾಕ ಹೇಳ್ತಿಯೋ? ನಿನ್ನ ಕೈ ಹಿಡಕೊಂಡ ನಿಂತಾವ ನಾನು. ಇದನ್ನ ಹೇಳಾಕ ಮಳಗಿ ತನಕಾ ಬಸ್ ಹತ್ತಬೇಕಾಗಿರಲಿಲ್ಲ. ಪರಶುರಾಮನ ಮನಿ ನಿಮ್ಮ ಓಣ್ಯಾಗ ಐತಲ್ಲ."

ಹೊರಗೆ ಜೋಳದ ಡಬ್ಬಿ ಹಿಡಿದು ಇಬ್ಬರು ಹೆಂಗಸರು ಕಾಯುತ್ತಿದ್ದರು. ಅಣ್ಣ ಎದ್ದು ಗಿರಣಿ ಚಾಲೂ ಮಾಡಿದ. ಆ ಸದ್ದಿನಲ್ಲಿ ಮುಂದೆ ಮಾತಾಡುವಂತಿರಲಿಲ್ಲ. ವೈನಿ ನನ್ನ ಮಕ್ಕಳಿಗೆಂದು ಶೇಂಗಾ ಉಂಡಿ ಕಟ್ಟಿಕೊಟ್ಟಳು.

ಅಂಬೇವಾಡಿಯಲ್ಲಿ ಇಳಿದು ಮನೆಗೆ ಹೋಗದೆ ಪರಶುರಾಮಣ್ಣನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ. ಎಲ್ಲವನ್ನೂ ಹೇಳಿದೆ. ಅವನ ಕೈ ನಿಂತಿತು.

"ಟೆಂಪೋದಾಗ ಅವನ ಮಾರಿಗೆ ಉಗುಳಿದಾವ ನಾನು. ನೀ ಎದುರಿಗೆ ಕುಂತಿದ್ದಿ" ಎಂದ. ಬೈಯಲಿಲ್ಲ. ಎದ್ದು ಒಳಗೆ ಹೋದ.

ಮರುದಿನ ಬೆಳಿಗ್ಗೆ ಅವನೂ ಇನ್ನು ಮೂವರು ಹಳೆಯ ಆಟಗಾರರೂ ಒಗೆದ ಅಂಗಿ ತೊಟ್ಟು ಬಸ್ಸಿಗೆ ನಿಂತಿದ್ದರು. ಮಳಗಿಗೆ ಹೊರಟಿದ್ದರು.

"ನಾನೂ ಬರ್ಲೇನ್ರಿ?"

"ಬ್ಯಾಡ. ನೀ ಮುಂದಿದ್ರ ಅಂವ ನಿನ್ನ ಮಾರಿ ನೋಡಿ ಮತ್ತ ಸುಮ್ಮನಾಗ್ತಾನ. ನೀ ಮನ್ಯಾಗ ಕುಂತು ಇದನ್ನೆಲ್ಲಾ ಬರದ ಇಡು. ಸಂಘದ ಸಂಚಿಕ್ಯಾಗ ಹಾಕೂಣು. ಎಲ್ಲಾರೂ ಓದ್ಲಿ."

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಬರೆದು ರೂಢಿಯಿಲ್ಲ. ಬೆಳಗಿನಿಂದ ಬರೆಯುತ್ತಿದ್ದೇನೆ, ಈಗ ದೀಪ ಹಚ್ಚುವ ಹೊತ್ತಾಗಿದೆ. ಹಳಿಯಾಳದ ಸಂಜೆಯ ಬಸ್ಸು ಬಂದಾಗ ಓಣಿಯ ತುದಿಯ ತನಕ ಹೋಗಿ ನೋಡಿದೆ. ನಾಲ್ವರಲ್ಲಿ ಒಬ್ಬರೂ ಇಳಿಯಲಿಲ್ಲ. ಅಣ್ಣ ಅವರನ್ನು ಉಣ್ಣಲು ಉಳಿಸಿಕೊಂಡನೋ, ಬಾಗಿಲಿನಿಂದಲೇ ಹಿಂದೆ ಕಳಿಸಿದನೋ ತಿಳಿಯದು.